ಪಾಲಕರೇ, ದಯವಿಟ್ಟು ಮುಂದಿನ ಸಾಲು ತುಂಬಿಸಿ

ಮಗನಿಗೋ ಮಗಳಿಗೋ ಅಂತೂ ಸೀಟು ಸಿಕ್ಕಿದೆ. ಸಿಇಟಿ ಮುಗಿದಿದೆ. ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಕೊಡುವ 371(ಜೆ) ಸರ್ಟಿಫಿಕೇಟಿಗೆ ಎಸಿ (ಸಹಾಯಕ ಆಯುಕ್ತರ) ಆಫೀಸಿಗೆ ಅಲೆದು ಚಪ್ಪಲಿ ಸವೆದಿವೆ. ಸೊಸೈಟಿ ಸಾಲ ಮಾಡಿ ಫೀ ಕಟ್ಟಿಯೂ ಆಗಿದೆ. ಇನ್ನು ಉಳಿದಿದ್ದು ಒಂದೇ. ವಾಟ್ಸಾಪಿನಲ್ಲಿ ಮೆಸೇಜು ಬರುತ್ತದೆ: 'ಪಾಲಕರ ಓರಿಯೆಂಟೇಶನ್, ಬೆಳಿಗ್ಗೆ 9.30, ಕಡ್ಡಾಯ.' ಹುಡುಗರಿಗಾದರೆ 75, 85 ಪರ್ಸೆಂಟ್ ಅಂತ ಹಾಜರಿಯಲ್ಲಿ ಏನಾದರೂ ರಿಯಾಯಿತಿ ಇರುತ್ತದೆ. ಪಾಲಕರಿಗೆ ನೂರಕ್ಕೆ ನೂರು.

ಚಿಂಚೋಳಿ, ಅಫಜಲಪುರ, ಜೇವರ್ಗಿ ಕಡೆಯವರು ನಸುಕಿನಲ್ಲೇ ಎದ್ದು ಬಸ್ಸು ಹಿಡಿಯುತ್ತಾರೆ. ಕಲಬುರಗಿಯಲ್ಲಿ ಇಳಿದು, ಸೂಪರ್ ಮಾರ್ಕೆಟ್ ಹತ್ತಿರ ಸುಸಲಾ ಮಿರ್ಚಿ ತಿಂದು, ಒಂಬತ್ತೂ ಕಾಲಿಗೆ ಹಾಲ್‌ನಲ್ಲಿ ಕೂತಿರುತ್ತಾರೆ. ಒಂಬತ್ತೂವರೆಗೆ ಅಲ್ಲಿ ಪಾಲಕರು ಮತ್ತು ಕುರ್ಚಿಗಳು ಬಿಟ್ಟರೆ ಬೇರೆ ಯಾರೂ ಇರುವುದಿಲ್ಲ. ಮುಖ್ಯ ಅತಿಥಿಗಳು 'ಹೊರಟಿದ್ದಾರೆ'. ಎಲ್ಲಿಂದ ಹೊರಟಿದ್ದಾರೆ ಅಂತ ಕೇಳಬಾರದು.

ಅಷ್ಟರಲ್ಲಿ ನಿಮಗೆ ಒಂದು ಕೆಲಸ ಇರುತ್ತದೆ. ಸಹಿ. ಬಾಗಿಲಲ್ಲಿ ಒಂದು, ಡಿಪಾರ್ಟ್‌ಮೆಂಟ್ ಹಾಳೆಯಲ್ಲಿ ಒಂದು, ಊಟದ ಕೂಪನ್ನಿಗೆ ಇನ್ನೊಂದು. ಇದರ ಮೇಲೆ ರ‍್ಯಾಗಿಂಗ್ ಮುಚ್ಚಳಿಕೆ ಬೇರೆ. ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗ, 2009ರಲ್ಲಿ ತಂದ ನಿಯಮದ ಪ್ರಕಾರ ಹುಡುಗನ ಜೊತೆ ಅಪ್ಪ ಅಮ್ಮನೂ ಬರೆದುಕೊಡಬೇಕು. ನಿಯಮ ಒಳ್ಳೆಯದೇ, ಅದರಲ್ಲಿ ತಕರಾರಿಲ್ಲ. ಆದರೆ ಹಾಳೆ ಇರುವುದು ಪೂರ್ತಿ ಇಂಗ್ಲಿಷಿನಲ್ಲಿ. "ಇದರಾಗ ಏನು ಬರದದ ರೀ?" ಅಂತ ಕೇಳಿದವರಿಗೆ ಟೇಬಲ್ ಹಿಂದಿನ ಹುಡುಗಿ ಪ್ರೀತಿಯಿಂದಲೇ ಹೇಳುತ್ತಾಳೆ: "ಏನಿಲ್ರಿ ಕಾಕಾ, ಇಲ್ಲಿ ಒಂದು ಸೈನ್ ಮಾಡ್ರಿ."

ಹನ್ನೊಂದಕ್ಕೆ ಅತಿಥಿಗಳು ಬರುತ್ತಾರೆ. ಸಸಿಗೆ ನೀರೆರೆದು ಉದ್ಘಾಟನೆ. ಈ ಸಸಿಯ ಬಗ್ಗೆ ಎರಡು ಮಾತು ಹೇಳಲೇಬೇಕು. ಕುಂಡಕ್ಕೆ ಹೊಸ ಕೆಂಪು ಬಣ್ಣ, ಕೊರಳಿಗೆ ರಿಬ್ಬನ್, ಎಲೆ ಮಾತ್ರ ಅಂಚಿನಲ್ಲೆಲ್ಲ ಕಂದು. ಪಾಪ, ಅದಕ್ಕೆ ನೀರು ಸಿಗುವುದು ಉದ್ಘಾಟನೆ ಇದ್ದ ದಿನ ಮಾತ್ರ. ನಮ್ಮ ಬಿಸಿಲಿನಲ್ಲಿ ಅದು ಬದುಕಬೇಕಾದರೆ ಕಾಲೇಜು ವಾರಕ್ಕೆ ಎರಡಾದರೂ ಸೆಮಿನಾರ್ ಮಾಡಬೇಕು. ವೇದಿಕೆ ಮೇಲಿನ ಹನ್ನೊಂದು ಮಂದಿ ಒಂದೇ ತಂಬಿಗೆ ಹಿಡಿಯುತ್ತಾರೆ. ಕೈ ಎಟುಕದವರು ಎಟುಕಿದವರ ಮೊಣಕೈ ಹಿಡಿಯುತ್ತಾರೆ. ನೀರು ಬೀಳುವುದು ಕಾರ್ಪೆಟ್ಟಿಗೆ.

ಆಮೇಲೆ ಸ್ವಾಗತ, ಪ್ರಾಸ್ತಾವಿಕ, ಶಾಲು, ಹಾರ, ಹಣ್ಣಿನ ಬುಟ್ಟಿ. ಮುಖ್ಯ ಅತಿಥಿಗಳ ಭಾಷಣ ಮಳಖೇಡದಿಂದ ಹೊರಡುತ್ತದೆ. ಅಮೋಘವರ್ಷನಿಗೆ ಕೈ ಮುಗಿದು, 1347ರಲ್ಲಿ ಬಹಮನಿ ಕೋಟೆ ಹತ್ತಿ, ಶರಣಬಸವೇಶ್ವರರನ್ನೂ ಬಂದೇ ನವಾಜರನ್ನೂ ಸ್ಮರಿಸಿ, 1948ರ ಸೆಪ್ಟೆಂಬರ್ 17ಕ್ಕೆ ವಿಮೋಚನೆ ಪಡೆಯುತ್ತದೆ. ಅಲ್ಲಿಂದ 371(ಜೆ) ತಂದ ಸಂವಿಧಾನದ 98ನೇ ತಿದ್ದುಪಡಿಗೆ, ಅಂದರೆ 2012ಕ್ಕೆ, ಬರುವಾಗ ಊಟದ ಹೊತ್ತು. ಹಾಸ್ಟೆಲ್ ವಿಷಯಕ್ಕೆ ಬರಬೇಕಾದರೆ ಇನ್ನೂ ಹತ್ತು ಹನ್ನೆರಡು ವರ್ಷ ಬಾಕಿ.

ನಡುವೆ ಪ್ಲೇಸ್‌ಮೆಂಟ್ ಸ್ಲೈಡ್. 'ಅತಿ ಹೆಚ್ಚು ಪ್ಯಾಕೇಜ್' ಅಂತ ಒಬ್ಬ ಹುಡುಗನ ಫೋಟೋ, ಬಾಗಿಲಷ್ಟು ದೊಡ್ಡದು. ಅವನ ಜೊತೆ ಓದಿದ ಉಳಿದವರು ಎಲ್ಲಿದ್ದಾರೆ, ಎಷ್ಟು ತಗೊಳ್ತಾರೆ ಅಂತ ಸ್ಲೈಡಿನಲ್ಲಿ ಇರುವುದಿಲ್ಲ. ಜಾಗ ಸಾಲುವುದಿಲ್ಲ, ನೋಡಿ.

ನಂತರ ನಿಯಮಗಳು. ಮೊಬೈಲ್ ತರಬಾರದು, ಗಡ್ಡ ಬಿಡಬಾರದು, ಗೇಟಿನ ಹತ್ತಿರ ನಿಲ್ಲಬಾರದು, ಲೇಟಾದರೆ ದಂಡ. ಎಲ್ಲ ಹುಡುಗರಿಗೆ. ಕಾಲೇಜಿಗೂ ಒಂದೆರಡು ನಿಯಮ ಇವೆ ಅಂತ ಆ ದಿನ ಯಾರಿಗೂ ನೆನಪಾಗುವುದಿಲ್ಲ. ಮೂಲ ಅಂಕಪಟ್ಟಿ, ಟಿಸಿ ನೋಡಿ ಪರಿಶೀಲಿಸಿ ವಾಪಸ್ ಕೊಡಬೇಕು, ಇಟ್ಟುಕೊಳ್ಳಬಾರದು ಅಂತ ಯುಜಿಸಿ 2018ರಲ್ಲೇ ಹೇಳಿದೆ. ಪ್ರವೇಶದ ಕೊನೆಯ ದಿನಕ್ಕೆ 15 ದಿನ ಮೊದಲೇ ಸೀಟು ಬಿಟ್ಟರೆ ಸಣ್ಣ ಪ್ರೊಸೆಸಿಂಗ್ ಶುಲ್ಕ ಬಿಟ್ಟು ಫೀ ಪೂರ್ತಿ ವಾಪಸ್, ಆಮೇಲೆ 90, 80, 50 ಪರ್ಸೆಂಟ್ ಅಂತ ಇಳಿಯುತ್ತದೆ, ಅದೂ ಅದರಲ್ಲೇ ಇದೆ. ಇದಕ್ಕೆ ಸ್ಲೈಡ್ ಮಾಡಲು ಯಾರಿಗೂ ಪುರಸೊತ್ತಾಗಿಲ್ಲ. ಒರಿಜಿನಲ್‌ಗಳು ಮಾತ್ರ ಆಫೀಸಿನ ಗಾಡ್ರೇಜ್ ಬೀರುವಿನಲ್ಲಿ ಭದ್ರವಾಗಿವೆ.

ಹಾಗಾದರೆ ಇಷ್ಟೆಲ್ಲ ಯಾಕೆ? ಹೊಸ ಹುಡುಗರು ಕಾಲೇಜಿಗೆ ಹೊಂದಿಕೊಳ್ಳಲಿ ಅಂತ ಯುಜಿಸಿ 2019ರಲ್ಲಿ 'ದೀಕ್ಷಾರಂಭ' ಅಂತ ಮಾರ್ಗಸೂಚಿ ಕೊಟ್ಟಿತು. ತಾಂತ್ರಿಕ ಶಿಕ್ಷಣ ನೋಡಿಕೊಳ್ಳುವ ಎಐಸಿಟಿಇ ಇಂಜಿನಿಯರಿಂಗ್‌ನವರಿಗೆ ಮೂರು ವಾರದ ಇಂಡಕ್ಷನ್ ಇಟ್ಟಿತು. ಆ ಮೂರು ವಾರ ನಮ್ಮಲ್ಲಿಗೆ ಬರುವಷ್ಟರಲ್ಲಿ ಒಣಗಿ ಒಂದು ಮಧ್ಯಾಹ್ನ ಆಗಿದೆ. ಉಳಿದಿದ್ದು ಕಾಲೇಜಿಗೆ ಗ್ರೇಡ್ ಕೊಡುವ ನ್ಯಾಕ್‌ನವರಿಗೆ ತೋರಿಸುವ ಫೈಲು. ಫೈಲಿಗೆ ಬೇಕಾದ್ದು ಜಿಯೋಟ್ಯಾಗ್ ಫೋಟೋ, ಅಂದರೆ ತೆಗೆದ ಜಾಗದ ಗುರುತು ಇರುವ ಫೋಟೋ. ಕೆಳಗೆ ಅಕ್ಷಾಂಶ 17.3, ರೇಖಾಂಶ 76.8 ಅಂತ ಬಿದ್ದಿರಬೇಕು. ತುಂಬಿದ ಮುಂದಿನ ಸಾಲು ಕಾಣಬೇಕು. "ಮುಂದ ಬರ್ರಿ ಯಜಮಾನ್ರ, ಮುಂದ ಬರ್ರಿ ಅವ್ವಾರ" ಅಂತ ಅಷ್ಟು ಅಕ್ಕರೆಯಿಂದ ಕರೆದದ್ದು ಅದಕ್ಕೇ. ಫೋಟೋ ಆದ ಮೇಲೆ ಕೂಲರ್ ಆಫ್.

ಪ್ರಶ್ನೋತ್ತರಕ್ಕೆ ಹತ್ತು ನಿಮಿಷ ಇಟ್ಟಿರುತ್ತಾರೆ. ಅದನ್ನು ವಂದನಾರ್ಪಣೆ ತಿಂದಿರುತ್ತದೆ. ಆದರೂ ಹಿಂದಿನ ಸಾಲಿನಿಂದ ಒಬ್ಬರು ಎದ್ದೇ ಬಿಡುತ್ತಾರೆ. ಟವೆಲ್ಲು ಹೆಗಲಿಗೆ ಹಾಕಿಕೊಂಡು, "ಸರ್ರ, ಹಾಸ್ಟೆಲ್ ರೊಕ್ಕ ಎರಡು ಕಂತಿನ್ಯಾಗ ಕಟ್ಟಬಹುದೇನ್ರಿ? ತೊಗರಿ ರಾಶಿ ಆದಮ್ಯಾಲ..." ವೇದಿಕೆಯಿಂದ ತಕ್ಷಣ ಉತ್ತರ ಬರುತ್ತದೆ: "ಬಹಳ ಒಳ್ಳೆ ಪ್ರಶ್ನೆ. ಊಟ ರೆಡಿ ಅದ, ಎಲ್ಲಾರೂ ಉಂಡೇ ಹೋಗಬೇಕು."

ಉತ್ತರ ನಿಜವಾಗಿ ಬೇಕಿದ್ದವರು ಗೇಟಿನ ಎದುರಿನ ಜೆರಾಕ್ಸ್ ಅಂಗಡಿಗೆ ಹೋಗುತ್ತಾರೆ. ಕಂತು ಯಾವ ಕ್ಲರ್ಕ್ ಮಾಡಿಕೊಡುತ್ತಾರೆ, ಯಾವ ರೂಮಿಗೆ ನೀರು ಬರುವುದಿಲ್ಲ, ಸ್ಕಾಲರ್‌ಶಿಪ್ಪಿಗೆ ಯಾವ ಪತ್ರ ಬೇಕು, ಎಲ್ಲ ಅಲ್ಲಿ ಸಿಗುತ್ತದೆ. ಒಂದು ಕಾಪಿ ಎರಡು ರೂಪಾಯಿ. ಓರಿಯೆಂಟೇಶನ್ ಫ್ರೀ.

ಊಟದ ಸಾಲಿನಲ್ಲಿ ಫೀಡ್‌ಬ್ಯಾಕ್ ಫಾರ್ಮ್ ಕೊಡುತ್ತಾರೆ. ಮೂರು ಕಾಲಮ್: ಅತ್ಯುತ್ತಮ, ಉತ್ತಮ, ತೃಪ್ತಿಕರ. ಕೆಳಗೆ 'ಸಲಹೆಗಳು' ಅಂತ ಒಂದು ಗೆರೆ. ಟವೆಲ್ಲಿನ ಯಜಮಾನರು ಆ ಗೆರೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದರು: 'ನಮ್ಮ ಹುಡುಗನ ಒರಿಜಿನಲ್ ಮಾರ್ಕ್ಸ್ ಕಾರ್ಡು ಯಾವಾಗ ಕೊಡ್ತೀರಿ?'

ಎಳೆ ವಯಸ್ಸಿನ ಮೇಷ್ಟ್ರೊಬ್ಬರು ಓದಿ ಗಾಬರಿಯಾದರು. "ಕಾಕಾ, ಇದು ಸಲಹೆ ಅಲ್ರಿ, ಪ್ರಶ್ನೆ ಆಯ್ತು. ಇದು ಫೈಲಿಗೆ ಹೋಗತದ." ಫಾರ್ಮ್ ಮಡಚಿ ಜೇಬಿಗಿಟ್ಟುಕೊಂಡು ಇನ್ನೊಂದು ಕೊಟ್ಟರು. ಅದರಲ್ಲಿ 'ಅತ್ಯುತ್ತಮ'ಕ್ಕೆ ಮೊದಲೇ ಟಿಕ್ ಬಿದ್ದಿತ್ತು. ಸಹಿ ಒಂದು ಬಾಕಿ ಇತ್ತು.