120ರ ದಾವಣಿಗೆ ಕಟ್ಟಿದ ಹಾಡು

ಕಬ್ಬಿನ ಹಂಗಾಮು ಬಂತೆಂದರೆ ಮುಧೋಳ, ಜಮಖಂಡಿ, ಅಥಣಿ, ಗೋಕಾಕದ ಕಡೆ ಎರಡು ನಮೂನೆಯ ಕಾರ್ಖಾನೆ ಶುರುವಾಗುತ್ತವೆ. ಒಂದು ಸಕ್ಕರೆಯದು, ಇನ್ನೊಂದು ಟ್ರ್ಯಾಕ್ಟರ್ ಹಾಡಿನದು, ಅಂದರೆ ಕಬ್ಬು ಹೇರಿದ ಟ್ರ್ಯಾಕ್ಟರಿನಲ್ಲಿ ಜೋರಾಗಿ ಹಾಕುವ ಹಾಡಿನದು. ಮೊದಲನೆಯದರಲ್ಲಿ ಕಬ್ಬು ಹಿಂಡಿ ರಸ ಇಟ್ಟುಕೊಂಡು ಸಿಪ್ಪೆ ಹೊರಗೆ ಹಾಕುತ್ತಾರೆ. ಎರಡನೆಯದರಲ್ಲಿ ರಸ ಹೊರಗೆ ಚೆಲ್ಲಿ, ಸಿಪ್ಪೆಗೆ ಬೀಟ್ ಕಟ್ಟಿ ಕಳಿಸುತ್ತಾರೆ.

ಈ ಎರಡನೇ ಕಾರ್ಖಾನೆಗೆ ದೊಡ್ಡ ಯಂತ್ರ ಬೇಡ. ಒಂದು ಕಂಪ್ಯೂಟರ್, ಮೈಕಿನ ದನಿಯನ್ನು ಕಂಪ್ಯೂಟರಿಗೆ ಮುಟ್ಟಿಸುವ ಎರಡು ಚಾನಲ್ಲಿನ ಇಂಟರ್‌ಫೇಸ್, ಒಂದು ಕಂಡೆನ್ಸರ್ ಮೈಕು, ಗೋಡೆಗೆ ಅಂಟಿಸಿದ ತತ್ತಿ ಟ್ರೇ ಸಾಕು. (ತತ್ತಿ ಟ್ರೇಯಿಂದ ಹೊರಗಿನ ಸದ್ದು ಒಳಗೆ ಬರುವುದು ನಿಲ್ಲುವುದಿಲ್ಲ, ತತ್ತಿ ಉರುಳುವುದು ಮಾತ್ರ ನಿಲ್ಲುತ್ತದೆ.) ಉಳಿದದ್ದೆಲ್ಲ ರೆಕಾರ್ಡಿಂಗ್ ಸಾಫ್ಟ್‌ವೇರಿನ ಕೆಲಸ. ಆ ಸಾಫ್ಟ್‌ವೇರು ಮಾಡುವವರಿಗೆ ನಮ್ಮ ಕಡೆಯಿಂದ ಒಂದು ಬೇಡಿಕೆ ಪಟ್ಟಿ ಹೋಗಬೇಕಾಗಿದೆ. ಜಗತ್ತಿನ ಬೇರೆ ಸ್ಟುಡಿಯೊದವರು ಹೊಸ ಸೌಲಭ್ಯ ಸೇರಿಸಿ ಎಂದು ಕೇಳುತ್ತಾರೆ. ನಮ್ಮವರ ಬೇಡಿಕೆ ಇರುವುದು ಸಾಫ್ಟ್‌ವೇರನ್ನಲ್ಲ, ಹಾಡುವವನನ್ನು ಅಪ್‌ಡೇಟ್ ಮಾಡಿ ಎಂದು.

ರೆಕಾರ್ಡಿಂಗ್ ಸಾಫ್ಟ್‌ವೇರುಗಳಾದ ಕ್ಯೂಬೇಸ್ ತೆರೆಯಿರಿ, ರೀಪರ್ ತೆರೆಯಿರಿ, ಹೊಸ ಹಾಡಿನ ಕಿಟಕಿಯಲ್ಲಿ ಮೊದಲೇ ಬರೆದಿಟ್ಟಿರುತ್ತದೆ: ವೇಗ ನಿಮಿಷಕ್ಕೆ 120 ಪೆಟ್ಟು, ತಾಳ ನಾಲ್ಕಕ್ಕೆ ನಾಲ್ಕು. ಅದು ಸುಮ್ಮನೆ ಹಾಕಿಟ್ಟ ಅಂಕಿ. ಏನಾದರೂ ಒಂದು ಬರೆಯಬೇಕಲ್ಲ, ಬರೆದಿದ್ದಾರೆ. ನಮ್ಮಲ್ಲಿ ಅದನ್ನು ಸರಕಾರಿ ಆದೇಶದಂತೆ ಓದುತ್ತಾರೆ. ಗೀಗೀ ಪದದವರು ದಪ್ಪು, ತುಂತುಣಿ, ತಾಳ ಹಿಡಿದು ಬಂದರೂ 120. ಕರಡಿ ಮಜಲಿನವರು ಸನಾದಿ ತಂದರೂ 120. ಶ್ರೀಕೃಷ್ಣ ಪಾರಿಜಾತದ ಕೊರವಂಜಿ ಬಂದು ನಿಂತರೂ ಆಕೆಯ ಕೈಗೆ ಹೆಡ್‌ಫೋನು ಕೊಟ್ಟು, "ಅಕ್ಕಾ, ಟಿಕ್ ಟಿಕ್ ಅಂತದಲ್ಲ, ಅದನ್ನ ಬಿಡಬ್ಯಾಡ" ಎನ್ನುತ್ತಾರೆ. ಅಕ್ಕ ಟಿಕ್ ಟಿಕ್ ಹಿಡಿದು, ಹಾಡು ಬಿಟ್ಟುಬಿಡುತ್ತಾಳೆ.

ಭಜನಿ ಪದ ಕೇಳಿದವರಿಗೆ ಗೊತ್ತು, ಅದು ಏರುವ ಹಾಡು. 80ರಲ್ಲಿ ಶುರುವಾಗಿ, ತಾಳದವನ ಕೈ ಕಾಣದಷ್ಟಾಗುವ ಹೊತ್ತಿಗೆ 150ಕ್ಕೆ ಮುಟ್ಟಿರುತ್ತದೆ. ಇದಕ್ಕೆ ಸಾಫ್ಟ್‌ವೇರಿನಲ್ಲಿ ಔಷಧ ಇಲ್ಲವೆ? ಎಷ್ಟೋ ವರ್ಷದಿಂದ ಇದೆ. ಕ್ಲಿಕ್, ಅಂದರೆ ಆ ಟಿಕ್ ಟಿಕ್, ಬಂದ್ ಮಾಡಿ ಹಾಡಿಸಬೇಕು. ಆಮೇಲೆ ತಾಳದ ಪ್ರತಿ ಸುತ್ತಿನ ಮೊದಲ ಮಾತ್ರೆ, ಅಂದರೆ ಸಮ್ ಮೇಲೆ ಒಂದು ಗುರುತು ಹಾಕಿ, ಪರದೆ ಮೇಲಿನ ತಾಳದ ಗೆರೆಗಳ ಗ್ರಿಡ್ಡನ್ನೇ ಹಾಡಿನ ಕಡೆ ಎಳೆದು ಕೂಡಿಸಬೇಕು. ಟೆಂಪೊ ಮ್ಯಾಪ್ ಎನ್ನುವುದು ಇದಕ್ಕೇ. ಎಂಟು ಮಾತ್ರೆಯ ಕೆಹರವಾದಲ್ಲಿ ಐದು ನಿಮಿಷದ ಇಂಥ ಪದಕ್ಕೆ ಸುಮಾರು 72 ಸಮ್ ಬರುತ್ತವೆ. 72 ಗುರುತು. ಎರಡು ಕಪ್ ಚಹಾದ ಕೆಲಸ. ಆದರೆ ಹಾಗೆ ಮಾಡಿದರೆ ಪೆನ್‌ಡ್ರೈವಿನಲ್ಲಿ ಬಂದ ಡಿಜೆ ಲೂಪು, ಅಂದರೆ ಮತ್ತೆ ಮತ್ತೆ ಸುತ್ತುವ ತಯಾರಿ ತಾಳದ ತುಣುಕು, ಕೂಡುವುದಿಲ್ಲ. ಲೂಪು ಕಾಸು ಕೊಟ್ಟು ತಂದದ್ದಲ್ಲ, ಆದ್ದರಿಂದ ಅದಕ್ಕೆ ನೋವು ಮಾಡಬಾರದು. ಹಾಡುವವನು ಕಾಸು ಕೊಟ್ಟು ಬಂದವನು, ಅವನು ಬಗ್ಗಬೇಕು.

ರೂಪಕ ತಾಳದ ಗತಿ ಇನ್ನೂ ಮಜಾ. ತಿಂ ತಿಂ ನಾ, ಧಿಂ ನಾ, ಧಿಂ ನಾ: ಏಳು ಮಾತ್ರೆ. ಈ ತಾಳದ ಚಂದವೇ ಅದರ ಸಮ್ ಖಾಲಿ ಇರುವುದು. ಅಲ್ಲಿ ಎಡಗೈ ತಬಲಾದ ಡಗ್ಗಾ ಮುಟ್ಟುವುದಿಲ್ಲ, ತಾಳ ಹಾಕುವವನು ಕೈ ಬೀಸುತ್ತಾನೆ, ಹೊಡೆಯುವುದಿಲ್ಲ. ಟಿಕ್ ಟಿಕ್ ಎನ್ನುವ ಮೆಟ್ರೋನೋಮಿಗೆ ಏಳು ಎಂದು ಹೇಳಿದರೆ ಅದು ಮೊದಲನೆಯದನ್ನೇ ಎಲ್ಲಕ್ಕಿಂತ ಗಟ್ಟಿಯಾಗಿ ಕುಟ್ಟುತ್ತದೆ. ಕೈ ಖಾಲಿ ಇರಬೇಕಾದ ಜಾಗದಲ್ಲಿ ಕರೆಕ್ಟಾಗಿ ಕಪಾಳಕ್ಕೆ. ಯಾವ ಮಾತ್ರೆಗೆ ಒತ್ತು, ಯಾವುದಕ್ಕೆ ಬೇಡ ಎಂದು ಬದಲಿಸುವ ಜಾಗ ಕೆಲವು ಸಾಫ್ಟ್‌ವೇರಿನಲ್ಲಿ ಇದೆ. ಆ ಮೆನು ತೆರೆದವರು ನಮ್ಮ ಸೀಮೆಯಲ್ಲಿ ಕಡಿಮೆ. ಹಾಗಾಗಿ ಬೇಡಿಕೆ: ರೂಪಕವನ್ನು ಎಂಟು ಮಾತ್ರೆ ಮಾಡಿಕೊಡಿ, ಒಂದು ಮಾತ್ರೆ ಕಂಪನಿಯೇ ಹಾಕಿಕೊಂಡರೂ ನಡೆದೀತು.

ಇನ್ನು ಬಫರ್, ಅಂದರೆ ದನಿಯನ್ನು ಕಂಪ್ಯೂಟರ್ ಒಂದಿಷ್ಟು ಕೂಡಿಟ್ಟುಕೊಂಡು ಕಳಿಸುವ ಜಾಗ. ಕಂಪ್ಯೂಟರ್ ತಡವರಿಸದಿರಲಿ ಎಂದು ಬಫರನ್ನು 1024 ಸ್ಯಾಂಪಲ್ಲಿಗೆ (ದನಿಯ ಸಣ್ಣ ತುಣುಕಿಗೆ) ಇಟ್ಟು ಮರೆತುಬಿಡುತ್ತಾರೆ. ಸೆಕೆಂಡಿಗೆ 48 ಸಾವಿರ ತುಣುಕಿನ, ಅಂದರೆ 48 ಕಿಲೋಹರ್ಟ್ಸ್‌ನಲ್ಲಿ ಅದು 21 ಮಿಲಿಸೆಕೆಂಡು. ಹೋಗುವುದಕ್ಕೊಮ್ಮೆ, ಬರುವುದಕ್ಕೊಮ್ಮೆ ಕೂಡಿಸಿದರೆ 40ರ ಮೇಲೆ. ಅಂದರೆ ಹಾಡುವವನಿಗೆ ತನ್ನ ದನಿ 14 ಮೀಟರ್ ಆಚೆ ಗಿಡಕ್ಕೆ ಕಟ್ಟಿದ ಸ್ಪೀಕರಿನಿಂದ ಕೇಳಿದ ಹಾಗೆ. ಅವನು ತನ್ನ ದನಿಗಾಗಿ ಕಾಯುತ್ತಾನೆ, ದನಿ ಅವನಿಗಾಗಿ ಕಾಯುತ್ತದೆ, ಪದ ಜೋಲು ಬೀಳುತ್ತದೆ. "ಇವಗ ತಾಳಜ್ಞಾನನ ಇಲ್ಲೋ ಮಾರಾಯಾ" ಎಂದು ತೀರ್ಪು ಬರುತ್ತದೆ. ಹಾಡಿಸುವಾಗ ಬಫರ್ 128ಕ್ಕೆ ಇಳಿಸಿ, ಮಿಕ್ಸ್ ಮಾಡುವಾಗ ಏರಿಸಿದರೆ ಆಯಿತು. ಅದೂ ಬೇಡವೆಂದರೆ ಇಂಟರ್‌ಫೇಸಿನ ಮೋರೆಯ ಮೇಲೇ ದನಿಯನ್ನು ಕಂಪ್ಯೂಟರಿಗೆ ಸುತ್ತಾಡಿಸದೆ ನೇರ ಕಿವಿಗೆ ಕೊಡುವ ಡೈರೆಕ್ಟ್ ಮಾನಿಟರ್ ಎಂಬ ಗುಂಡಿ ಇರುತ್ತದೆ. ಅದರ ಮೇಲೆ ಸದ್ಯ ಊದಿನಕಡ್ಡಿ ಪೊಟ್ಟಣ ಇಟ್ಟಿದ್ದಾರೆ.

ತೀರ್ಪಿನ ನಂತರ ಶಿಕ್ಷೆ: ಕ್ವಾಂಟೈಜ್, ಅಂದರೆ ಪೆಟ್ಟುಗಳನ್ನು ಗ್ರಿಡ್ಡಿನ ಗೆರೆಗೆ ಕೂಡಿಸುವುದು, ನೂರಕ್ಕೆ ನೂರು. ಡೊಳ್ಳಿನವನು ಪೆಟ್ಟನ್ನು ತುಸು ಹಿಂದೆ ಇಟ್ಟು ಬಾರಿಸುತ್ತಾನೆ; ಆ ಹಿಂದೇಟಿನಲ್ಲೇ ಕುಣಿಯುವವನ ಕಾಲು ಏಳುವುದು. ಅದನ್ನು ಗೆರೆಗೆ ಎಳೆದು ತಂದು, ಮೇಲೆ ದನಿಯನ್ನು ಹಿಗ್ಗಿಸುವ ಟೈಮ್ ಸ್ಟ್ರೆಚ್ಚೂ ಮಾಡಿದರೆ 'ಧಡ್' ಎಂಬುದು 'ಧಡದ್' ಆಗುತ್ತದೆ. ಚರ್ಮ ಹೋಗಿ ಪ್ಲಾಸ್ಟಿಕ್ ಕೊಡ ಕೂಗುತ್ತದೆ. ಎಳೆಯುವ ಬದಲು ಪೆಟ್ಟಿನ ಬುಡಕ್ಕೆ ಕತ್ತರಿಸಿ ಸರಿಸಿ, ಅದನ್ನೂ ಅರ್ಧದಷ್ಟು ಮಾತ್ರ ಸರಿಸಿ ಎಂದರೆ, ಅರ್ಧ ಎಂಬ ಪ್ರಿಸೆಟ್ (ಮೊದಲೇ ಕಟ್ಟಿಟ್ಟ ಜೋಡಣೆ) ಎಲ್ಲಿದೆ ಎನ್ನುತ್ತಾರೆ.

ಶ್ರುತಿಯ ವಿಚಾರಕ್ಕೆ ಬರೋಣ. ಪೇಟಿ (ಹಾರ್ಮೋನಿಯಂ) ಮಾಸ್ತರು "ಕರಿ ಎರಡು" ಎನ್ನುತ್ತಾರೆ. ಸಾಫ್ಟ್‌ವೇರು ಡಿ ಶಾರ್ಪ್ ಎನ್ನುತ್ತದೆ. ಅಷ್ಟು ಅನುವಾದ ಎಲ್ಲರಿಗೂ ಬರುತ್ತದೆ. ಆದರೆ ಮಾಸ್ತರರ ಪೇಟಿ ನಾಟಕ ಕಂಪನಿಯ ಕಾಲದ್ದು, ಅದರ ರೀಡು ಈಗಿನ ರೂಢಿಯ 440 ಹರ್ಟ್ಸ್ ಶ್ರುತಿಗೆ ಇರುವುದಿಲ್ಲ, 445ರ ಹತ್ತಿರ ಹೋಗಿರುತ್ತದೆ. ಈಗ ಸ್ವರ ತಿದ್ದುವ ಆಟೋಟ್ಯೂನ್ ಹಾಕಿದರೆ ಅದು ಗಾಯಕನ ಕಿವಿ ಹಿಡಿದು 440ಕ್ಕೆ ಎಳೆಯುತ್ತದೆ. ಪೇಟಿ ಅಲ್ಲೇ ಇದೆ, ಗಾಯಕ ಇಲ್ಲಿಗೆ ಬಂದ. ನಡುವೆ ಸುಮಾರು 20 ಸೆಂಟ್ ಅಂತರ (ಪೇಟಿಯ ಅಕ್ಕಪಕ್ಕದ ಎರಡು ಮನೆಗಳ ನಡುವೆ 100 ಸೆಂಟ್). ಕರಿ ಎರಡರ ಷಡ್ಜದಲ್ಲಿ ಸೆಕೆಂಡಿಗೆ ಮೂರೂವರೆ ಸಲ 'ವಂಯ್ ವಂಯ್' ಎಂದು ಅಲೆ ಏಳುತ್ತದೆ. ಅಷ್ಟು ಹೊತ್ತು ಪೇಟಿಗೆ ಸರಿಯಾಗಿ ಹಾಡಿದ್ದ ಮನುಷ್ಯ, ತಿದ್ದಿದ ಮೇಲೆ ಬೇಸೂರ. ಪರಿಹಾರ ಎರಡು ನಿಮಿಷದ್ದು: ಪೇಟಿಯ ಒಂದು ಸ್ವರಕ್ಕೆ ಟ್ಯೂನರ್ ಹಿಡಿದು ಓದಿಕೊಂಡು, ಆಟೋಟ್ಯೂನಿನ ಆಧಾರ ಶ್ರುತಿಯನ್ನು ಅಲ್ಲಿಗೆ ಇಡುವುದು. ಸ್ಟುಡಿಯೊ ಕಂಡುಕೊಂಡ ಪರಿಹಾರ ಬೇರೆ: ಪೇಟಿ ತೆಗೆದುಹಾಕುವುದು.

ಆಟೋಟ್ಯೂನ್ ಬಂದದ್ದು 1997ರಲ್ಲಿ. ಮಾಡಿದ ಆಂಡಿ ಹಿಲ್ಡೆಬ್ರಾಂಡ್ ಅದಕ್ಕೆ ಮುಂಚೆ ಭೂಮಿಗೆ ಕಂಪನ ಕೊಟ್ಟು, ಮರಳಿ ಬಂದ ಅಲೆಯ ಲೆಕ್ಕದಿಂದ ಎಣ್ಣೆ ಎಲ್ಲಿದೆ ಎಂದು ಹುಡುಕುವ ಕಸುಬಿನಲ್ಲಿದ್ದವರು. ಅಂಗೈ ಮೇಲೆ ತೆಂಗಿನಕಾಯಿ ಇಟ್ಟು ಬೋರ್‌ವೆಲ್ ಪಾಯಿಂಟ್ ನೋಡುವ ಇಂಡಿ, ಸಿಂದಗಿ ಕಡೆಯವರಿಗೆ ಇದು ಬೇಗ ಅರ್ಥವಾಗಬೇಕು: ನೀರು ಇದ್ದಲ್ಲಿ ಕೊರೆದರೆ ಬರುತ್ತದೆ, ಇಲ್ಲದಲ್ಲಿ ಎಷ್ಟು ಕೊರೆದರೂ ಧೂಳು. ತಿದ್ದುವ ಗತಿಯಾದ ರೀಟ್ಯೂನ್ ವೇಗ ಸೊನ್ನೆಗೆ (ತಕ್ಷಣ), ಸ್ಕೇಲು ಹನ್ನೆರಡೂ ಸ್ವರದ ಕ್ರೊಮ್ಯಾಟಿಕ್‌ಗೆ ಇಟ್ಟರೆ ಸಾ ದಿಂದ ಮಾ ವರೆಗೆ ಜಾರಿ ಹೋಗುವ ಮೀಂಡು ಐದು ಮೆಟ್ಟಿಲಿನ ಏಣಿಯಾಗುತ್ತದೆ. ತಂಬೂರಿಗೆ ಕೂಡುವ ಗಂಧಾರ ಸಾ ದಿಂದ 386 ಸೆಂಟಿನಲ್ಲಿದ್ದರೆ ಯಂತ್ರ ಅದನ್ನು 400ಕ್ಕೆ ತಳ್ಳುತ್ತದೆ. ಬೆಳಗಾವಿ ಬಳಿಯ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಹುಡುಗ ಎಳೆವಯಸ್ಸಿನಲ್ಲೇ ಹಾಡಿ ಕುಮಾರ ಗಂಧರ್ವ ಎನಿಸಿಕೊಂಡ. ಇವತ್ತಾಗಿದ್ದರೆ ಅವನ ಪ್ರತಿ ಕಣ್ ಸ್ವರವನ್ನೂ (ಮುಟ್ಟಿ ಸರಿಯುವ ಸ್ವರ) ಸಾಫ್ಟ್‌ವೇರು 'ತಪ್ಪು' ಎಂದು ಕೆಂಪು ಮಾಡುತ್ತಿತ್ತು. ಗಂಧರ್ವ ಎಂಬುದು ಪ್ರಿಸೆಟ್ ಹೆಸರಾಗಿರುತ್ತಿತ್ತು, ಗಂಧರ್ವ-1, ಗಂಧರ್ವ-2 ವಿತ್ ಎಕೋ.

ಬಾಗಲಕೋಟೆ ಜಿಲ್ಲೆಗೆ ಕೂಡಲಸಂಗಮ ಇದೆ. ಅಂಕಿತ ಎಂದರೇನು ಎಂದು ನಮಗೆ ಬೇರೆಯವರು ಹೇಳಿಕೊಡಬೇಕಿಲ್ಲ. ವಚನ ಪೂರ್ತಿ ಹೇಳಿ, ಕೊನೆಗೆ ಒಮ್ಮೆ ದೇವರ ಹೆಸರು. ಈಗಿನ ಹಾಡಿನಲ್ಲಿ ಅಂಕಿತ 15 ಸೆಕೆಂಡಿಗೊಮ್ಮೆ: ಚಾನಲ್ಲಿನ ಹೆಸರು, ಬರೆದವರ ಊರು, ಟ್ರ್ಯಾಕ್ಟರ್ ಮಾಲಕರ ಮನೆತನ, ಗೆಳೆಯರ ಬಳಗ, ಕೆಲವು ಸಲ ಮೊಬೈಲ್ ನಂಬರೂ. ಇದನ್ನು ಕೂಡಿಸುವ ಶಿಸ್ತು ನೋಡಿದರೆ ಕಣ್ಣು ತುಂಬುತ್ತದೆ. ಹಾಡಿನ ಎಲ್ಲ ಟ್ರ್ಯಾಕು ಕೂಡುವ ಬಸ್ಸಿಗೆ ದನಿ ತಗ್ಗಿಸುವ ಕಂಪ್ರೆಸರ್ ಹಾಕಿ, ಯಾವಾಗ ತಗ್ಗಿಸಬೇಕೆಂದು ಸನ್ನೆ ಕೊಡುವ ಅದರ ಸೈಡ್‌ಚೈನಿಗೆ ಹೆಸರು ಕೂಗುವ ಟ್ರ್ಯಾಕ್ ಕೊಡುತ್ತಾರೆ. ಇಳಿಯಲು 5 ಮಿಲಿಸೆಕೆಂಡು, ಮತ್ತೆ ಏಳಲು 300, ಇಳಿತ 12 ಡೆಸಿಬಲ್. ಮಾಲಕರ ಹೆಸರು ಬಂದ ಕೂಡಲೆ ಇಡೀ ಹಾಡು ರುಮಾಲು ತೆಗೆದು ತಲೆ ಬಾಗಿಸಿ ನಿಲ್ಲುತ್ತದೆ, ಅವರು ದಾಟಿದ ಮೇಲೆ ಮೆಲ್ಲಗೆ ಎದ್ದೇಳುತ್ತದೆ. ಟೆಂಪೊ ಮ್ಯಾಪಿಗೆ ಇಲ್ಲದ ತಾಳ್ಮೆ ಇದಕ್ಕೆ ಇದೆ. ಇಲ್ಲಿ ಮಾತ್ರ ಪ್ರತಿ ಹೆಸರನ್ನೂ ಕೈಯಾರೆ ಕೂಡಿಸುತ್ತಾರೆ. ಒಂದು ಹೆಸರು ಬಿಟ್ಟುಹೋದರೆ ಹಾಡು ವಾಪಸು ಬರುತ್ತದೆ.

ಹಳೆಯ ಕ್ಯಾಸೆಟ್ ಹಾಡನ್ನು ಸೀಳಿ ದನಿ ಬೇರೆ, ವಾದ್ಯ ಬೇರೆ ಮಾಡುವ ಸೌಲಭ್ಯ ಈಗ ಸಾಫ್ಟ್‌ವೇರಿನೊಳಗೇ ಬರುತ್ತಿದೆ. ಸಾಮಾನ್ಯವಾಗಿ ಅದು ನಾಲ್ಕು ಪಾಲು ಮಾಡುತ್ತದೆ: ಹಾಡು, ಡ್ರಮ್ಸ್, ಬೇಸ್, ಇತರೆ. ಯಲ್ಲಮ್ಮನ ಗುಡ್ಡದ ಚೌಡಿಕೆ ಪದ ಹಾಕಿ ನೋಡಿ. ಚೌಡಿಕೆ ತಂತಿಯೂ ಹೌದು, ಚರ್ಮವೂ ಹೌದು. ಬಿಗಿ ಹೆಚ್ಚುಕಮ್ಮಿ ಮಾಡಿದರೆ ದನಿ ಬಾಗುತ್ತದೆ. ಯಂತ್ರಕ್ಕೆ ದಿಕ್ಕು ತಪ್ಪುತ್ತದೆ. 'ಡುಂಗ್' ಎಂಬುದರ ಬುಡ ಬೇಸಿಗೆ, ಪೆಟ್ಟು ಡ್ರಮ್ಸಿಗೆ, ಬಾಗುವ ಬಾಲ ಜೋಗಮ್ಮನ ಗಂಟಲಿಗೆ. ತಾಳದ ಕಿಣಿಕಿಣಿ ನೀರಲ್ಲಿ ಮುಳುಗಿಸಿದ ಹಾಗೆ ಗುಳುಗುಳು. ಸನಾದಿ, ಪೇಟಿ, ತುಂತುಣಿ ಎಲ್ಲ 'ಇತರೆ'. ಅರ್ಜಿ ನಮೂನೆಯ ಕೊನೆಯ ಕಾಲಮ್ಮಿನಲ್ಲಿ ಕೂತು ರೂಢಿ ಇದ್ದವರಿಗೆ ಇದು ಹೊಸದೇನಲ್ಲ. ಸ್ಟುಡಿಯೊದ ಬೇಡಿಕೆಯೂ ಸರಳ: 'ಇತರೆ' ಪಾಲನ್ನು ತಾನೇ ಅಳಿಸಿಹಾಕುವ ಸೌಲಭ್ಯ ಕೊಡಿ, ಪ್ರತಿ ಸಲ ಕೈಯಿಂದ ಅಳಿಸುವುದು ಬೇಸರ.

ಕಡೆಗೆ ಇದೆಲ್ಲ ಹೋಗಿ ಮುಟ್ಟುವುದು ಡಾಲ್ಬಿಗೆ. ಬೆಳಗಾವಿ ಸೀಮೆಯಲ್ಲಿ ಡಾಲ್ಬಿ ಎಂದರೆ ಲಾರಿ ಮೇಲೆ ಪೇರಿಸಿದ, ಗಣಪತಿ ಕಳಿಸುವಾಗ ಕಿಟಕಿ ಗಾಜು ನಡುಗಿಸುವ ಪೆಟ್ಟಿಗೆಗಳ ಗೋಡೆ. ರೇ ಡಾಲ್ಬಿ 1965ರಲ್ಲಿ ಲಂಡನ್ನಿನಲ್ಲಿ ಕಂಪನಿ ಕಟ್ಟಿ ಹೆಸರು ಮಾಡಿದ್ದು ಟೇಪಿನ 'ಸ್ಸ್ಸ್' ಸದ್ದನ್ನು ಕಡಿಮೆ ಮಾಡುವ ವಿದ್ಯೆಯಿಂದ. ಸದ್ದು ಇಳಿಸಿದವನ ಹೆಸರನ್ನು ಸದ್ದಿಗೇ ಇಟ್ಟ ಊರು ನಮ್ಮದು. ಈ ಗೋಡೆಗೆ ಎಡಬಲ ಎಂಬ ಭೇದ ಸಾಮಾನ್ಯವಾಗಿ ಇಲ್ಲ. ಎಲ್ಲ ಪೆಟ್ಟಿಗೆಗೂ ಒಂದೇ ತಂತಿ, ಮೋನೊ. ಸ್ಟುಡಿಯೊದಲ್ಲಿ ಮಾತ್ರ ದನಿ 'ಅಗಲ' ಆಗಬೇಕೆಂದು ಅದರ ನಕಲು ತೆಗೆದು, ಒಂದನ್ನು 15 ಮಿಲಿಸೆಕೆಂಡು ತಡಮಾಡಿ, ಎಡಕ್ಕೊಂದು ಬಲಕ್ಕೊಂದು ಇಡುತ್ತಾರೆ. ಹೆಡ್‌ಫೋನಿನಲ್ಲಿ ಸ್ವರ್ಗ. ಡಾಲ್ಬಿಯಲ್ಲಿ ಎರಡೂ ಕೂಡಿಕೊಂಡು ಒಂದನ್ನೊಂದು ತಿಂದು, ಗಾಯಕ ಪಿವಿಸಿ ಪೈಪಿನೊಳಗೆ ಕೂತು ಹಾಡಿದ ಹಾಗೆ. ಒಂದು ಕಡೆ ಅಲೆ ತಲೆಕೆಳಗಾಗುವಂತೆ ಫೇಸ್ ತಿರುವಿಟ್ಟು ಅಗಲ ಮಾಡಿದ್ದರಂತೂ ಗಾಯಕ ಪೂರ್ತಿ ನಾಪತ್ತೆ. ಮಾಲಕರ ಹೆಸರೊಂದೇ ಉಳಿಯುತ್ತದೆ, ಅದನ್ನು ನಡುವೆ ಇಟ್ಟಿರುತ್ತಾರಲ್ಲ. ಮಾಸ್ಟರ್ ಮೇಲೆ ಮೋನೊ ಗುಂಡಿ ಒತ್ತಿ ಹತ್ತು ಸೆಕೆಂಡು ಕೇಳಿದ್ದರೆ ಇದು ತಿಳಿಯುತ್ತಿತ್ತು. ನಾಲ್ಕು ಇಂಚಿನ ಸ್ಪೀಕರಿನಲ್ಲಿ 50 ಹರ್ಟ್ಸ್ ಕೇಳುವುದಿಲ್ಲ ಎಂದು ಅಲ್ಲಿ 9 ಡೆಸಿಬಲ್ ಏರಿಸುವ ಕೈಗೆ ಅಷ್ಟು ಪುರಸೊತ್ತಿಲ್ಲ. ಆ ಒಂಬತ್ತರ ಲೆಕ್ಕ ಓಣಿಯ ಮುದುಕರ ಎದೆಯಲ್ಲಿ ಚುಕ್ತಾ ಆಗುತ್ತದೆ.

ಯೂಟ್ಯೂಬಿಗೆ ಏರಿಸುವ ಹಾಡು, ಏರಿಳಿತ ಕುಗ್ಗಿಸಿ ದನಿ ಜೋರು ಮಾಡುವ ಲಿಮಿಟರ್ ತಿಂದು ತಿಂದು, ಜೋರಿನ ಅಳತೆಯಲ್ಲಿ ಮೈನಸ್ 6 ಎಲ್‌ಯುಎಫ್‌ಎಸ್‌ಗೆ ಬಂದಿರುತ್ತದೆ. ಯೂಟ್ಯೂಬು ಅದನ್ನು ಸುಮಾರು ಮೈನಸ್ 14ಕ್ಕೆ ಇಳಿಸಿ ಕೇಳಿಸುತ್ತದೆ. ಎಂಟು ಡೆಸಿಬಲ್ ನಮ್ಮದು ಹೋಯಿತು ಎಂದು ಬೇಜಾರು. ಹಾಗೆ ಇಳಿಸುವುದನ್ನು ಬಂದ್ ಮಾಡುವ ಗುಂಡಿ ಸಾಫ್ಟ್‌ವೇರಿನವರೇ ಕೊಡಬೇಕಂತೆ.

ಅಸಲಿ ಮಾಸ್ಟರಿಂಗ್, ಅಂದರೆ ಹಾಡಿಗೆ ಕೊನೆಯ ಹದ ಕೊಡುವುದು, ನಡೆಯುವುದು ಕಾರ್ಖಾನೆಯ ತೂಕದ ಕಾಟಾದ ಮುಂದಿನ ಪಾಳಿಯಲ್ಲಿ. ಡ್ರೈವರು ಆಂಪ್ಲಿಫೈಯರಿನ ಎಲ್ಲ ಪಟ್ಟಿಗಳನ್ನೂ ಹೆಬ್ಬೆರಳಿನಿಂದ ಮೇಲಕ್ಕೆ ತಳ್ಳುತ್ತಾನೆ. ಅವನದರ ಮುಂದೆ ಒಂದು ಟ್ರ್ಯಾಕ್ಟರು, ಹಿಂದೆ ಎರಡು. ನಾಲ್ಕೂ ಹಾಡು ಅದೇ 120, ಅದೇ ಲೂಪು, ಅದೇ ಏಣಿ ಹತ್ತುವ ದನಿ. ಆದರೆ ನಾಲ್ವರೂ ಒಂದೇ ಕ್ಷಣಕ್ಕೆ ಶುರು ಮಾಡಿಲ್ಲ. ಮುಂದಿನವನ ಪೆಟ್ಟು ಬೀಳುವಲ್ಲಿ ಹಿಂದಿನವನದು ಕಾಲು ಮಾತ್ರೆ ತಡ, ಅವನ ಹಿಂದಿನವನದು ಇನ್ನೂ ತಡ. ಸ್ಟುಡಿಯೊದಿಂದ ಓಡಿಸಿದ ತಾಳವೆಲ್ಲ ಅಲ್ಲಿ ಒಟ್ಟಿಗೆ ಸೇರಿ ಕುಣಿಯುತ್ತಿದೆ. ಸ್ಟುಡಿಯೊದವರ ಕಿವಿಗೂ ಈ ಸುದ್ದಿ ಬಿದ್ದಿದೆ. ಪಾಳಿಯಲ್ಲಿ ನಿಂತ ಟ್ರ್ಯಾಕ್ಟರುಗಳನ್ನೆಲ್ಲ ಬ್ಲೂಟೂತಿನಲ್ಲಿ ಹಿಡಿದು ಒಂದೇ ಗ್ರಿಡ್ಡಿಗೆ ಕಟ್ಟುವ ಸೌಲಭ್ಯ ಬರುವ ಹಂಗಾಮಿನೊಳಗೆ ಆಗಬೇಕು ಎಂದು ಪಟ್ಟಿಯ ತುದಿಗೆ ಪೆನ್ಸಿಲಿನಲ್ಲಿ ಸೇರಿಸಿದ್ದಾರೆ.