ನಾಯಿ ಕುಂಟಿದರೆ ಕಾಲು ನೋಡಿ, ಮಾತ್ರೆ ಡಬ್ಬಿ ಮುಟ್ಟಬೇಡಿ

ಸಕಲೇಶಪುರದ ಹತ್ತಿರ ನಮ್ಮ ಕಾಫಿ ತೋಟ. ನಾನಿರುವುದು ಜರ್ಮನಿಯ ಮ್ಯೂನಿಕ್‌ನಲ್ಲಿ. ಎರಡೂ ಮನೆಯಲ್ಲಿ ನಾಯಿ ಇದೆ, ಎರಡೂ ಇದ್ದಕ್ಕಿದ್ದಂತೆ ಕುಂಟಿದ್ದನ್ನು ನೋಡಿದ್ದೇನೆ.

ಹಿಂದಿನ ಸಲ ಕಾಫಿ ಕುಯ್ಲಿನ ಹೊತ್ತಿಗೆ ಊರಿಗೆ ಬಂದಿದ್ದೆ. ಬೆಳಗ್ಗೆ ಕೆಲಸದವರ ಹಿಂದೆ ತೋಟಕ್ಕೆ ಹೋದ ಕರಿಯ ಮಧ್ಯಾಹ್ನ ಮೂರೇ ಕಾಲಲ್ಲಿ ವಾಪಸ್ ಬಂದ. "ಮುಳ್ಳು ಗಿಳ್ಳು ಚುಚ್ಚಿರುತ್ತೆ, ನಾಳೆ ಸರಿ ಹೋಗ್ತಾನೆ ಬಿಡೋ" ಅಂದರು ಅಪ್ಪ. ಮಾರನೇ ದಿನವೂ ಕುಂಟುತ್ತಿದ್ದ. ಪಾಪ ಅನ್ನಿಸಿ ಅಪ್ಪ ತಮ್ಮ ಮಂಡಿನೋವಿನ ಮಾತ್ರೆ ಅನ್ನದಲ್ಲಿ ಕಲಸಿ ಹಾಕಿದರು. ಪ್ರೀತಿಯಿಂದಲೇ ಹಾಕಿದ್ದು, ನಾನೂ ಬೇಡ ಅನ್ನಲಿಲ್ಲ. ಎರಡು ದಿನ ಕಳೆದ ಮೇಲೆ ವಾಂತಿ ಶುರುವಾಯಿತು, ಮಲ ಡಾಂಬರಿನ ಹಾಗೆ ಕಪ್ಪಗಿತ್ತು. ಜೀಪಿನಲ್ಲಿ ಮಲಗಿಸಿಕೊಂಡು ಹಾಸನದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಓಡಿದೆವು. ಹೊಟ್ಟೆಯೊಳಗೆ ಹುಣ್ಣಾಗಿ ರಕ್ತ ಹೋಗುತ್ತಿತ್ತು. ಪುಣ್ಯಕ್ಕೆ ಬದುಕಿದ. ಕಾಲಲ್ಲಿ ಇದ್ದದ್ದು ಬೆರಳ ಸಂದಿಯಲ್ಲಿ ಮುರಿದ ಒಂದು ಬಿದಿರು ಮುಳ್ಳು, ಅಷ್ಟೇ.

ನಾವು ನೋವಿಗೆ ನುಂಗುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ನಾಯಿಯ ಹೊಟ್ಟೆ, ಕಿಡ್ನಿ ಎರಡನ್ನೂ ಹಾಳು ಮಾಡುತ್ತವೆ. ಪ್ಯಾರಸಿಟಮಾಲ್ ಕೂಡ ಮನಸ್ಸಿಗೆ ಬಂದ ಹಾಗೆ ಕೊಡುವಂಥದ್ದಲ್ಲ. ಬೆಕ್ಕಿಗಂತೂ ಅದರ ಒಂದೇ ಮಾತ್ರೆ ಸಾಕು, ಜೀವ ಹೋಗಬಹುದು.

ಮ್ಯೂನಿಕ್‌ನಲ್ಲಿ ರಾತ್ರಿ ಅಥವಾ ಭಾನುವಾರ ತುರ್ತು ಅಂತ ಡಾಕ್ಟರ ಹತ್ತಿರ ಹೋದರೆ ಚಿಕಿತ್ಸೆಯ ದುಡ್ಡಿನ ಮೇಲೆ 50 ಯೂರೋ ಬೇರೆ ಕಟ್ಟಬೇಕು, 2020ರಿಂದ ಅದು ಅಲ್ಲಿನ ನಿಯಮ. ಹಾಗಾಗಿ ಜನ ಮೊದಲು ಫೋನ್ ಮಾಡುತ್ತಾರೆ. ಯಾವ ಕಾಲು, ನೆಲಕ್ಕೆ ಊರುತ್ತಾ ಇಲ್ವಾ, ಯಾವಾಗಿನಿಂದ, ಊತ ಇದೆಯಾ ಅಂತ ಆ ಕಡೆಯಿಂದ ಕೇಳುತ್ತಾರೆ. ಉತ್ತರ ಹೇಳಬೇಕಾದರೆ ನಾವು ಕಾಲು ಹಿಡಿದು ನೋಡಿರಲೇಬೇಕಲ್ವಾ? ನಮ್ಮೂರಲ್ಲಿ ಬಿಟ್ಟುಹೋಗಿರುವುದು ಈ ನೋಡುವ ಕೆಲಸವೇ.

ಪಾದದಿಂದ ಶುರು ಮಾಡಿ. ಬೆರಳ ಸಂದಿ, ಉಗುರು, ಅಂಗಾಲಿನ ಮೆತ್ತೆ. ಆಮೇಲೆ ಮೆಲ್ಲಗೆ ಒತ್ತುತ್ತಾ ಮೇಲಕ್ಕೆ ಹೋಗಿ, ಆದರೆ ಮೊದಲು ಚೆನ್ನಾಗಿರುವ ಕಾಲನ್ನು ಮುಟ್ಟಿ, ಆಗಲೇ ನೋವಿನ ಕಾಲಿನ ವ್ಯತ್ಯಾಸ ಕೈಗೆ ಗೊತ್ತಾಗುವುದು. ನೋವಾದರೆ ಸಾಕಿದ ನಾಯಿಯೂ ಕಚ್ಚುತ್ತೆ. ಬಟ್ಟೆಯಿಂದ ಅದರ ಬಾಯಿ ಕಟ್ಟಿ, ವಾಂತಿ ಅಥವಾ ಏದುಸಿರು ಇದ್ದರೆ ಮಾತ್ರ ಕಟ್ಟಬೇಡಿ. ನಮ್ಮ ಕಡೆ ಹಂದಿಗೆ ಇಟ್ಟ ಉರುಳಿನ ತಂತಿಯ ಗಾಯ ಕೂದಲೊಳಗೆ ಮುಚ್ಚಿಹೋಗಿರುತ್ತೆ, ಬೆರಳಾಡಿಸಿ ಹುಡುಕಬೇಕು. ಕಾಲು ಊರದೇ ಜೋತಾಡುತ್ತಿದ್ದರೆ ಅವತ್ತೇ ಡಾಕ್ಟರ ಹತ್ತಿರ ಹೋಗಿ. ನೋಡನೋಡುತ್ತಲೇ ಊತ ಏರುತ್ತಿದ್ದರೆ ಹಾವು ಅಂತಲೇ ತಿಳಿಯಿರಿ. ಕೊಳಕುಮಂಡಲ ಇರುವ ಸೀಮೆ ನಮ್ಮದು. ಕೊಯ್ಯಬೇಡಿ, ಬಿಗಿದು ಕಟ್ಟಬೇಡಿ, ನಡೆಸಬೇಡಿ, ಎತ್ತಿಕೊಂಡು ಹೊರಡಿ. ಇವತ್ತು ಈ ಕಾಲು ನಾಳೆ ಆ ಕಾಲು ಅಂತ ಕುಂಟುತ್ತಾ, ಮೈ ಬಿಸಿಯಾಗಿ, ಊಟ ಬಿಟ್ಟಿದ್ದರೆ ಉಣುಗಿನಿಂದ ಬರುವ ಜ್ವರ ಇರಬಹುದು, ರಕ್ತ ಪರೀಕ್ಷೆ ಮಾಡಿಸಿ.

ಇನ್ನೊಂದು, ವಿಶ್ರಾಂತಿ. ಮ್ಯೂನಿಕ್‌ನಲ್ಲಿ ಡಾಕ್ಟರು ಎರಡು ವಾರ ಓಡಾಟ ಬೇಡ ಅಂದರೆ ಬೆಲ್ಟ್ ಬಿಚ್ಚುವುದೇ ಇಲ್ಲ, ಮೆಟ್ಟಿಲನ್ನೂ ಹತ್ತಿಸುವುದಿಲ್ಲ. ತೋಟದ ನಾಯಿಯನ್ನು ಕಟ್ಟಿಹಾಕುವುದು ನಮಗೆ ಹಿಂಸೆ ಅನ್ನಿಸುತ್ತೆ, ಬಿಟ್ಟುಬಿಡುತ್ತೇವೆ, ಅದು ಮತ್ತೆ ಮಂಗನ ಹಿಂದೆ ಓಡುತ್ತೆ, ಅರ್ಧ ವಾಸಿಯಾದ ಕಾಲು ಪೂರ್ತಿ ಕೆಡುತ್ತೆ.

ಹಾಗಂತ ಅಲ್ಲಿಯದೆಲ್ಲಾ ಜಾಸ್ತಿ ಒಳ್ಳೆಯದು ಅನ್ನಲಾರೆ. ಅಲ್ಲಿ ನನ್ನ ನಾಯಿಯ ನಡಿಗೆ ನನಗೊಬ್ಬನಿಗೇ ಗೊತ್ತು. ಊರಲ್ಲಿ ಕರಿಯ ಕುಂಟುವುದನ್ನು ಮೊದಲು ಕಂಡಿದ್ದು ಹಣ್ಣು ಕುಯ್ಯುವ ಹೆಂಗಸರು. ಅಷ್ಟು ಕಣ್ಣುಗಳು ನಮ್ಮ ಹತ್ತಿರ ಇವೆ.

ಈಗ ಸಂಜೆ ಹೊತ್ತು ಟಾರ್ಚ್ ಹಿಡಿದು ಕರಿಯನ ಕಾಲು ನೋಡುವುದು ಅತ್ತಿಗೆ. ಮೊನ್ನೆ ವಿಡಿಯೋ ಕಾಲ್‌ನಲ್ಲಿ ತೋರಿಸಿದರು, ಹಿಂಗಾಲಿನ ಉಗುರು ಸೀಳಿತ್ತು. "ಡಾಕ್ಟರಿಗೆ ಫೋನ್ ಮಾಡಿ ಆಯ್ತು ಕಣೋ, ಬೆಳಗ್ಗೆ ಹೋಗ್ತೀವಿ" ಅಂದರು. ಅವರ ಹಿಂದೆ ಅಪ್ಪ ಬಾಯಿ ಕಟ್ಟುವ ಬಟ್ಟೆ ಹಿಡಿದು ಕೂತಿದ್ದರು.