ಕಡಲ ಗಡಿಯ ಸಂಗ್ರಹದಲ್ಲಿ ತಕರಾರೂ ಉಳಿಯಬೇಕು

ಬೇರೆ ಬೇರೆ ದೇಶಗಳು ಕಡಲಿನ ಮೇಲೆ ಸಾರಿಕೊಂಡ ಹಕ್ಕುಗಳ ವಿವರವನ್ನು ಒಂದೆಡೆ ಕಲೆಹಾಕಿ ಎಲ್ಲರ ಬಳಕೆಗೆ ಬಿಡುವುದು ತಾಳ್ಮೆ ಬೇಡುವ, ದೊಡ್ಡ ಕೆಲಸ. ಅದರಲ್ಲಿ ತೊಡಗಿದವರ ಮೇಲೆ ನನಗೆ ತುಂಬು ಗೌರವವಿದೆ. ಆದರೆ ಬಳಸುವವರಲ್ಲಿ ಅನೇಕರು ಒಂದರ ಮೇಲೊಂದು ಬೀಳದ ಅಚ್ಚುಕಟ್ಟಾದ ಗೆರೆಗಳನ್ನೇ ಬಯಸುತ್ತಾರೆ. ಆ ಬೇಡಿಕೆಗೆ ಸಂಗ್ರಹಕಾರರು ಮಣಿಯಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಲೆಬನಾನ್ ಮತ್ತು ಇಸ್ರೇಲ್‌ಗಳ ಕಡಲನ್ನೇ ನೋಡಿ. 2007ರಲ್ಲಿ ಲೆಬನಾನ್ ಸೈಪ್ರಸ್‌ನೊಂದಿಗೆ ಸಹಿ ಮಾಡಿದ ಒಪ್ಪಂದದಲ್ಲಿ ಗಡಿಗೆರೆಯ ದಕ್ಷಿಣದ ತುದಿ ‘ಬಿಂದು 1’ ಆಗಿತ್ತು. ಆ ಒಪ್ಪಂದಕ್ಕೆ ಲೆಬನಾನ್ ಅನುಮೋದನೆ ನೀಡಲಿಲ್ಲ. 2010ರಲ್ಲಿ ಅದು ಇನ್ನೂ ದಕ್ಷಿಣಕ್ಕಿರುವ ‘ಬಿಂದು 23’ರವರೆಗೆ ತನ್ನ ಹಕ್ಕಿದೆಯೆಂದು ವಿಶ್ವಸಂಸ್ಥೆಗೆ ಅಕ್ಷಾಂಶ ರೇಖಾಂಶಗಳ ಪಟ್ಟಿಯನ್ನು ಸಲ್ಲಿಸಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಇಸ್ರೇಲ್ ಮತ್ತು ಸೈಪ್ರಸ್ ಮಾಡಿಕೊಂಡ ಒಪ್ಪಂದವಾದರೋ ಬಿಂದು 1ನ್ನೇ ಹಿಡಿಯಿತು. ಎರಡು ಗೆರೆಗಳ ನಡುವೆ ಸುಮಾರು 860 ಚದರ ಕಿಲೋಮೀಟರ್ ಕಡಲು ವಿವಾದಕ್ಕೆ ಸಿಕ್ಕಿಕೊಂಡಿತು. 2022ರ ಅಕ್ಟೋಬರ್‌ನಲ್ಲಿ ಅಮೆರಿಕದ ಮಧ್ಯಸ್ಥಿಕೆಯಿಂದ ಒಪ್ಪಂದವಾಗುವವರೆಗಿನ ಹನ್ನೆರಡು ವರ್ಷಗಳಲ್ಲಿ ಅಲ್ಲಿ ಒಂದೇ ಗೆರೆ ಎಳೆದ ಯಾವುದೇ ನಕ್ಷೆ, ತಿಳಿದೋ ತಿಳಿಯದೆಯೋ, ಒಂದು ಪಕ್ಷಕ್ಕೆ ಕಡಲನ್ನು ಬರೆದುಕೊಟ್ಟಂತೆಯೇ ಸರಿ.

ಇಂಥ ತಕರಾರು ಅಪರೂಪವೇನಲ್ಲ. 1982ರ ಸಮುದ್ರ ಕಾನೂನು ಒಪ್ಪಂದದ ಪ್ರಕಾರ ಕರಾವಳಿ ದೇಶಕ್ಕೆ 200 ನಾಟಿಕಲ್ ಮೈಲುಗಳವರೆಗೆ ವಿಶೇಷ ಆರ್ಥಿಕ ವಲಯದ, ಅಂದರೆ ಮೀನು, ತೈಲದಂಥ ಕಡಲ ಸಂಪತ್ತನ್ನು ಬಳಸಿಕೊಳ್ಳುವ, ಹಕ್ಕಿರುವುದರಿಂದ, 400 ನಾಟಿಕಲ್ ಮೈಲಿಗಿಂತ ಕಡಿಮೆ ಅಂತರದಲ್ಲಿ ಎದುರುಬದುರಾಗಿರುವ ದೇಶಗಳ ಹಕ್ಕುಗಳು ಲೆಕ್ಕದ ಪ್ರಕಾರವೇ ಒಂದರೊಳಗೊಂದು ಸೇರಿಕೊಳ್ಳುತ್ತವೆ. ವಿಶ್ವಸಂಸ್ಥೆ ಪಟ್ಟಿಯನ್ನು ಸ್ವೀಕರಿಸಿತು ಎಂದರೆ ಹಕ್ಕನ್ನು ಒಪ್ಪಿತು ಎಂದರ್ಥವಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ.

ಅಂಕಿಗಳನ್ನು ನಕಲು ಮಾಡಿದ ಮಾತ್ರಕ್ಕೆ ಗೆರೆ ಸಿದ್ಧವಾಗುವುದೂ ಇಲ್ಲ. ಅಕ್ಷಾಂಶದ ಒಂದು ಮಿನಿಟು (ಡಿಗ್ರಿಯ ಅರವತ್ತನೆಯ ಒಂದು ಭಾಗ) ಸರಿಸುಮಾರು ಒಂದು ನಾಟಿಕಲ್ ಮೈಲು, ಅಂದರೆ 1,852 ಮೀಟರ್. ಹಳೆಯ ಒಪ್ಪಂದವೊಂದು ಮಿನಿಟುಗಳಿಗೇ ನಿಂತು ಸೆಕೆಂಡುಗಳನ್ನು ಹೇಳದಿದ್ದರೆ ಅಷ್ಟರಮಟ್ಟಿನ ಅನಿಶ್ಚಿತತೆ ಅದರಲ್ಲೇ ಇದೆ. ಎರಡು ಬಿಂದುಗಳನ್ನು ‘ನೇರಗೆರೆ’ಯಿಂದ ಜೋಡಿಸಬೇಕು ಎಂದಷ್ಟೇ ಬರೆದಿದ್ದರೆ, ಅದು ನಾವಿಕರು ಬಳಸುವ ಸಮತಟ್ಟಾದ ಮರ್ಕೇಟರ್ ನಕ್ಷೆಯ ಮೇಲಿನ ನೇರವೋ, ಭೂಮಿಯ ಮೇಲ್ಮೈಯ ಅತಿ ಹತ್ತಿರದ ದಾರಿಯೋ? 45 ಡಿಗ್ರಿ ಅಕ್ಷಾಂಶದಲ್ಲಿ ಪೂರ್ವ ಪಶ್ಚಿಮವಾಗಿ 200 ನಾಟಿಕಲ್ ಮೈಲು ಸಾಗುವ ಗೆರೆಯ ನಡುಭಾಗದಲ್ಲಿ ಇವೆರಡರ ಅಂತರ ಎರಡು ಕಿಲೋಮೀಟರ್‌ಗೂ ಮಿಗಿಲು. ಸಂಗ್ರಹಕಾರರು ಯಾವುದನ್ನು ಆರಿಸಿಕೊಂಡರು ಎಂಬುದು ಗೆರೆಯ ಜೊತೆಗೇ ದಾಖಲಾಗಬೇಕು.

ಬೆಲ್ಜಿಯಂನ ಫ್ಲಾಂಡರ್ಸ್ ಸಾಗರ ಸಂಸ್ಥೆ ಮುಕ್ತವಾಗಿ ಕೊಡುವ ಸಂಗ್ರಹ ಈ ವಿಷಯದಲ್ಲಿ ಮೆಚ್ಚುವಂಥದ್ದು. ಒಪ್ಪಂದದಿಂದ ಬಂದ ಗೆರೆ, ನ್ಯಾಯಾಲಯದ ತೀರ್ಪಿನ ಗೆರೆ, ಏಕಪಕ್ಷೀಯ ಹಕ್ಕು, ಒಪ್ಪಂದವಿಲ್ಲದ ಕಡೆ ಎರಡೂ ದಡಗಳಿಂದ ಸಮದೂರದಲ್ಲಿ ಲೆಕ್ಕಹಾಕಿದ ಮಧ್ಯರೇಖೆ ಎಂದು ಅದು ಗೆರೆಯ ಬಗೆಯನ್ನು ಒಂದು ಕಾಲಂನಲ್ಲಿ ಬೇರೆ ಬೇರೆಯಾಗಿ ಗುರುತಿಸುತ್ತದೆ. ನನ್ನ ಬೇಸರವಿರುವುದು ಆ ಕಾಲಂ ಅನ್ನು ಕಿತ್ತುಹಾಕಿ ಎಲ್ಲ ಗೆರೆಗಳನ್ನೂ ಒಂದೇ ಬಣ್ಣದಲ್ಲಿ ಮುದ್ರಿಸುವವರ ಬಗ್ಗೆ. ಮಧ್ಯರೇಖೆಯನ್ನು ಎಳೆದದ್ದು ಕಂಪ್ಯೂಟರ್, ಅದಕ್ಕೆ ಯಾವ ದೇಶವೂ ಸಹಿ ಹಾಕಿಲ್ಲ. ಆದರೆ ಮುದ್ರಿತ ನಕ್ಷೆಯಲ್ಲಿ ಅದೂ ತೀರ್ಪಿನ ಗೆರೆಯೂ ಒಂದೇ ಆಗಿಬಿಡುತ್ತವೆ.

ಆದ್ದರಿಂದ ಪ್ರತಿಯೊಂದು ಗೆರೆಗೂ ಯಾರ ಹಕ್ಕು, ಯಾವ ದಾಖಲೆ, ಯಾವ ದಿನಾಂಕ, ಯಾರ ಆಕ್ಷೇಪ ಎಂಬ ವಿವರ ಅಂಟಿಕೊಂಡಿರಲಿ. ವಿವಾದ ಬಗೆಹರಿದ ಮೇಲೂ ಹಳೆಯ ಗೆರೆಗಳನ್ನು ಅಳಿಸದಿರಲಿ. 2015ರಲ್ಲಿ ಆ 860 ಚದರ ಕಿಲೋಮೀಟರ್‌ನ ಸ್ಥಿತಿ ಏನಿತ್ತೆಂದು ತಿಳಿಯಬಯಸುವವರಿಗೆ 2022ರ ಗೆರೆ ಉತ್ತರ ಕೊಡಲಾರದು.